ಕಿಲೋಮೀಟರಿಗೊಂದು ಗೇಣು ವಾಟ

ದಕ್ಷಿಣ ಫ್ರಾನ್ಸಿನ ಉಝೆಸ್ ಎಂಬ ಪುಟ್ಟ ಪಟ್ಟಣದ ತಪ್ಪಲಿನಲ್ಲಿ ಯೂರ್ ಎಂಬ ನೀರಿನ ಬುಗ್ಗೆಯಿದೆ. ಅಲ್ಲಿಂದ ನೀಮ್ ನಗರಕ್ಕೆ ನೇರ ಗೆರೆ ಎಳೆದರೆ ಸುಮಾರು 20 ಕಿಲೋಮೀಟರ್. ಕ್ರಿ.ಶ. ಮೊದಲ ಶತಮಾನದ ನಡುಭಾಗದಲ್ಲಿ ರೋಮನ್ನರು ಈ ಬುಗ್ಗೆಯ ನೀರನ್ನು ನೀಮ್‌ಗೆ ಹರಿಸಿದರು. ನೀರೆತ್ತುವ ಯಂತ್ರವಿಲ್ಲ, ಹರಿವೆಲ್ಲ ಇಳಿಜಾರನ್ನೇ ನಂಬಿದ್ದು. ನಡುವೆ ಗುಡ್ಡಗಳು ಅಡ್ಡ ನಿಂತಿದ್ದರಿಂದ ಕಾಲುವೆ ಸುತ್ತಿ ಬಳಸಿ ಸುಮಾರು 50 ಕಿಲೋಮೀಟರ್ ಆಯಿತು. ಈ 50 ಕಿಲೋಮೀಟರಿನ ಉದ್ದಕ್ಕೂ ಇಳಿಸಲು ಅವರ ಕೈಯಲ್ಲಿದ್ದ ಎತ್ತರ ಬರೀ 12.6 ಮೀಟರ್!

ಭಾಗಿಸಿ ನೋಡಿ. ಕಿಲೋಮೀಟರಿಗೆ ಸರಾಸರಿ 25 ಸೆಂಟಿಮೀಟರ್, ಹೆಚ್ಚುಕಡಿಮೆ ಒಂದು ಗೇಣು. ನಮ್ಮಲ್ಲಿ ತಾರಸಿಯ ಮೇಲೆ ಮಳೆನೀರು ನಿಲ್ಲದಿರಲೆಂದು ಗಾರೆ ಕೆಲಸದವರು ಮೀಟರಿಗೆ ಒಂದು ಸೆಂಟಿಮೀಟರಿನಷ್ಟು ವಾಟ ಕೊಡುತ್ತಾರೆ. ಅದೇ ಲೆಕ್ಕದಲ್ಲಿ ಇಳಿದಿದ್ದರೆ ಈ ಕಾಲುವೆಯ ಪೂರ್ತಿ ಎತ್ತರ ಮೊದಲ ಒಂದೂಕಾಲು ಕಿಲೋಮೀಟರಿನಲ್ಲೇ ಖರ್ಚಾಗಿಬಿಡುತ್ತಿತ್ತು. ಉಳಿದ ನಲವತ್ತೆಂಟು ಚಿಲ್ಲರೆ ಕಿಲೋಮೀಟರಿಗೆ ಏನೂ ಮಿಗುತ್ತಿರಲಿಲ್ಲ. ರೋಮ್ ನಗರದ ಕೆಲವು ಕಾಲುವೆಗಳ ವಾಟಕ್ಕೆ ಹೋಲಿಸಿದರೂ ಇದು ಹತ್ತರಲ್ಲಿ ಒಂದು ಪಾಲಿನಷ್ಟು.

ಪ್ರವಾಸಿಗರು ಇಲ್ಲಿಗೆ ಬರುವುದು ಪೋಂ ದು ಗಾರ್ ಸೇತುವೆಗಾಗಿ. ಗಾರ್ದೋಂ ನದಿಯ ಕಣಿವೆಯನ್ನು ಈ ಕಾಲುವೆ ದಾಟುವ ಜಾಗ ಅದು. ಮೂರು ಅಂತಸ್ತು, ಸುಮಾರು 49 ಮೀಟರ್ ಎತ್ತರ. ಇಂದು ಉಳಿದಿರುವ ರೋಮನ್ ನೀರುಸೇತುವೆಗಳಲ್ಲಿ ಇಷ್ಟು ಎತ್ತರದ್ದು ಮತ್ತೊಂದಿಲ್ಲ. 1985ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ವಾಹನ ನಿಲ್ಲಿಸಿ, ಫೋಟೋ ತೆಗೆದು, ನದಿಯಲ್ಲಿ ಕಾಲು ಅದ್ದಿ ಹಿಂದಿರುಗುವವರೇ ಹೆಚ್ಚು. ಅವರು ಕಂಡದ್ದು ಕಾಲುವೆಯ ಒಂದು ತುಣುಕು. ಉಳಿದದ್ದರ ಬಹುಪಾಲು ನೆಲದೊಳಗಿದೆ, ಅದನ್ನು ನಡೆದೇ ನೋಡಬೇಕು.

ಸೇತುವೆಯ ಹತ್ತಿರದ ವೇರ್ ಗ್ರಾಮದ ಕಡೆಯಿಂದ ಕಾಲುವೆಯ ಜಾಡು ಹಿಡಿದರೆ ಕುರುಚಲು ಓಕ್, ಥೈಮ್, ರೋಸ್ಮರಿ ಬೆಳೆದ ಸುಣ್ಣಕಲ್ಲಿನ ನೆಲ. ಅಲ್ಲಿನವರು ಗರೀಗ್ ಎನ್ನುವ ಕಾಡು ಇದೇ. ಗಿಡಗಳ ನಡುವೆ ಒಮ್ಮೆ ಮುರಿದ ಕಮಾನುಗಳ ಸಾಲು ಎದ್ದು ನಿಲ್ಲುತ್ತದೆ, ಇನ್ನೊಮ್ಮೆ ಮೊಣಕಾಲೆತ್ತರದ ಗೋಡೆಯಷ್ಟೇ. ಆಮೇಲೆ ಅದೂ ಮಣ್ಣೊಳಗೆ ಮುಳುಗುತ್ತದೆ. ಇನ್ನೂ ಮುಂದೆ ಸೆರ್ನಿಯಾಕ್ ಗ್ರಾಮದ ಬಳಿ ಬಂಡೆಯನ್ನೇ ಕೊರೆದು ಮಾಡಿದ ಸುರಂಗಗಳಿವೆ. ಗುದ್ದಲಿ ಏಟಿನ ಗೆರೆಗಳು ಗೋಡೆಯ ಮೇಲೆ ಇವತ್ತಿಗೂ ಕಾಣುತ್ತವೆ. ನನ್ನ ಮಟ್ಟಿಗೆ ಸೇತುವೆಯ ನಿಜವಾದ ಎತ್ತರ ಅರ್ಥವಾಗುವುದು ಈ ನಡಿಗೆಯಲ್ಲಿ. ಕಣಿವೆಯ ಆಚೆ ಈಚೆ ಹತ್ತಿ ಇಳಿದು ಮೊಣಕಾಲು ಸೋತ ಮೇಲೆ, ಇದೇ ನೆಲದಲ್ಲಿ ನೀರು ಒಮ್ಮೆಯೂ ಮೇಲೇರದೆ ಹೋಯಿತಲ್ಲ ಎಂದು ತಿಳಿದಾಗ ಮೈ ಜುಮ್ಮೆನ್ನುತ್ತದೆ.

ಮಟ್ಟ ಹಿಡಿದದ್ದು ಹೇಗೆ? ರೋಮನ್ ವಾಸ್ತುಶಿಲ್ಪಿ ವಿಟ್ರೂವಿಯಸ್ ತನ್ನ ಗ್ರಂಥದಲ್ಲಿ ಕೊರೊಬೇಟಸ್ ಎಂಬ ಸಾಧನವನ್ನು ವರ್ಣಿಸಿದ್ದಾನೆ. ಇಪ್ಪತ್ತು ಅಡಿ ಉದ್ದದ ಮರದ ಪಟ್ಟಿ, ಅದಕ್ಕೆ ಕಾಲುಗಳು, ಇಳಿಬಿಟ್ಟ ತೂಗುಗುಂಡುಗಳು. ಗಾಳಿಗೆ ದಾರ ಅಲುಗಿದರೆ ನೋಡಿಕೊಳ್ಳಲು ಮೇಲೊಂದು ನೀರು ತುಂಬುವ ತೋಡು. ರಸಮಟ್ಟವೂ ದುರ್ಬೀನೂ ಇಲ್ಲದ ಕಾಲದಲ್ಲಿ ಇಂಥ ಸಲಕರಣೆಗಳನ್ನು ಗುಡ್ಡದಿಂದ ಗುಡ್ಡಕ್ಕೆ ಹೊತ್ತು, ಅಳೆದು, ಮತ್ತೆ ಅಳೆದು ಮುಂದೆ ಸಾಗಬೇಕು. ಪ್ರತಿ ಅಳತೆಯಲ್ಲೂ ಕೂದಲೆಳೆಯಷ್ಟು ತಪ್ಪು ಸೇರುತ್ತಾ ಹೋದರೂ ಕೊನೆಗೆ ನೀರು ನಡುದಾರಿಯಲ್ಲೇ ನಿಂತುಬಿಡುತ್ತದೆ.

ಅದಕ್ಕಿಂತ ದೊಡ್ಡದು ಅವರ ಲೆಕ್ಕಾಚಾರ. ವಾಟವನ್ನು ಉದ್ದಕ್ಕೂ ಸಮನಾಗಿ ಹಂಚಿದ್ದರೆ ಸೇತುವೆ ಇನ್ನೂ 6 ಮೀಟರ್ ಎತ್ತರ ಏಳಬೇಕಿತ್ತು. ಆ ಕಾಲದ ತಂತ್ರಕ್ಕೆ ಅದು ನಿಭಾಯಿಸಲಾಗದ ಎತ್ತರ. ಹಾಗಾಗಿ ಸೇತುವೆಗೆ ಮೊದಲೇ ಕಾಲುವೆಯನ್ನು ಹೆಚ್ಚು ವಾಟದಲ್ಲಿ ಇಳಿಸಿಬಿಟ್ಟರು. ಸೇತುವೆಯೇನೋ ಗಿಡ್ಡವಾಯಿತು, ಆದರೆ ಅದರಾಚೆಯ ದಾರಿಗೆ ಉಳಿದ ಎತ್ತರ ತೀರಾ ಕಡಿಮೆ. ಸೇತುವೆ ದಾಟಿದ ಮೇಲೆ ಸಿಗುವ ಒಂದು ಭಾಗದಲ್ಲಿ ನೂರು ಮೀಟರಿಗೆ 7 ಮಿಲಿಮೀಟರ್ ಮಾತ್ರ ಇಳಿಕೆ. ಕಿರುಬೆರಳಿನ ಅಗಲಕ್ಕಿಂತಲೂ ಕಡಿಮೆ! ಸೇತುವೆಯ ಮೇಲಿನ ತೋಡೂ ಈ ತುದಿಯಿಂದ ಆ ತುದಿಗೆ ಇಳಿಯುವುದು ಎರಡೂವರೆ ಸೆಂಟಿಮೀಟರ್ ಅಷ್ಟೆ. ಕಣ್ಣಿಗೆ ರಾಚುವ ಆ ಕಲ್ಲಿನ ಪರ್ವತ ನಿಂತಿರುವುದು ಈ ಎರಡೂವರೆ ಸೆಂಟಿಮೀಟರನ್ನು ಕಾಪಾಡಲು.

ಪರ್ವತ ಎಂದದ್ದು ಸುಮ್ಮನೆ ಅಲ್ಲ. ಅದರಲ್ಲಿರುವ ಕಲ್ಲು ಅಂದಾಜು 21,000 ಘನ ಮೀಟರ್, ತೂಕ 50,000 ಟನ್ನಿಗೂ ಹೆಚ್ಚು. ಒಂದೊಂದು ಕಲ್ಲು 6 ಟನ್‌ವರೆಗೆ ತೂಗುತ್ತದೆ. ಕೆಳಗಿನ ಅಂತಸ್ತಿನಲ್ಲಿ 6 ಕಮಾನು, ನಡುವಿನದರಲ್ಲಿ 11, ಮೇಲಿನದರಲ್ಲಿ ಮೊದಲು 47 ಇದ್ದು ಈಗ 35 ಉಳಿದಿವೆ. ಅತಿ ದೊಡ್ಡ ಕಮಾನಿನ ಬಾಯಿ ಇಪ್ಪತ್ತನಾಲ್ಕೂವರೆ ಮೀಟರ್. ಕೆಳಗಿನ ಎರಡು ಅಂತಸ್ತುಗಳ ದೊಡ್ಡ ಕಲ್ಲುಗಳ ನಡುವೆ ಗಾರೆಯಿಲ್ಲ; ಕಲ್ಲಿನ ಮೇಲೆ ಕಲ್ಲು, ಭಾರದ ಮೇಲೆ ಭಾರ ಕೂತು ನಿಂತದ್ದು. ಹತ್ತಿರ ಹೋದರೆ ಕೆಲವು ಕಲ್ಲುಗಳ ಮೇಲೆ ಕೆತ್ತಿದ ಅಕ್ಷರ ಮತ್ತು ರೋಮನ್ ಅಂಕಿ ಸಿಗುತ್ತವೆ. ‘ಮುಂಭಾಗ, ಎಡಕ್ಕೆ, ಮೂರನೆಯದು’ ಎಂಬಂಥ ಗುರುತುಗಳು ಅವು. ನೆಲದ ಮೇಲೆ ಕಡೆದು ಹೊಂದಿಸಿದ ಕಲ್ಲು ಮೇಲೆ ಎಲ್ಲಿ ಕೂರಬೇಕೆಂದು ಕಲ್ಲುಕುಟಿಗ ಬರೆದ ವಿಳಾಸ. ಸಾರುವೆ ಕಟ್ಟಲೆಂದು ಗೋಡೆಯಿಂದ ಹೊರಚಾಚಿ ಬಿಟ್ಟ ಕಲ್ಲುಗಳನ್ನು ಕೆಲಸ ಮುಗಿದ ಮೇಲೂ ಕಡಿದು ನುಣುಪು ಮಾಡಿಲ್ಲ. ಅದು ಹಾಗೇ ಉಳಿದದ್ದು ನನಗೆ ತುಂಬ ಇಷ್ಟ.

ಬೇಸಿಗೆಯಲ್ಲಿ ಗಾರ್ದೋಂ ಸಾಧು ಹೊಳೆ. ಆದರೆ ಅದರ ನೆರೆಯ ಪರಿ ಬೇರೆ. 1958ರ ಮಹಾಪೂರದಲ್ಲಿ 22 ಮೀಟರ್ ಎತ್ತರದ ಕೆಳ ಅಂತಸ್ತು ನೀರಿನಲ್ಲಿ ಮುಳುಗಿತು. ಬೇರೆ ಸೇತುವೆಗಳು ಕೊಚ್ಚಿಹೋದವು, ಇದು ನಿಂತಿತು.

ಇನ್ನು ನೀರಿನ ಲೆಕ್ಕ. ದಿನಕ್ಕೆ ಸುಮಾರು 40,000 ಘನ ಮೀಟರ್, ಅಂದರೆ ನಾಲ್ಕು ಕೋಟಿ ಲೀಟರ್ ನೀಮ್ ತಲುಪುತ್ತಿತ್ತೆಂದು ಅಂದಾಜು. ಸೆಕೆಂಡಿಗೆ 460 ಲೀಟರಿನಷ್ಟು. ಬುಗ್ಗೆಯಿಂದ ನಗರಕ್ಕೆ ಬರಲು ನೀರಿಗೆ ಸುಮಾರು 27 ಗಂಟೆ ಬೇಕಿತ್ತು. ಗಂಟೆಗೆ ಎರಡು ಕಿಲೋಮೀಟರಿಗಿಂತಲೂ ಕಡಿಮೆ ವೇಗ! ಅದರ ಜೊತೆಗೇ ಹೊರಟ ನಡಿಗೆಗಾರ ಅರ್ಧ ಹೊತ್ತಿಗೇ ಊರು ಸೇರುತ್ತಿದ್ದ.

ಸುಣ್ಣಕಲ್ಲಿನ ನೆಲದಿಂದ ಬಂದ ಆ ನೀರು ಹರಿಯುತ್ತಾ ಗೋಡೆಗೆ ಸುಣ್ಣದ ಪದರ ಕಟ್ಟುತ್ತಾ ಹೋಯಿತು. ತೋಡಿನ ಅಗಲ 1.2 ಮೀಟರ್, ಕೆಲವೆಡೆ ಒಂದೊಂದು ಬದಿಯಲ್ಲೂ ಅರ್ಧ ಮೀಟರಿಗೆ ಹತ್ತಿರದ ದಪ್ಪ ಪದರ ಬೆಳೆದಿತ್ತು. ಸಾಮ್ರಾಜ್ಯ ಗಟ್ಟಿಯಾಗಿದ್ದಾಗ ಕೆರೆದು ತೆಗೆಯುವವರಿದ್ದರು. ಅದು ಸಡಿಲವಾದ ಮೇಲೆ ಕಾಲುವೆಯ ಗಂಟಲು ತಾನಾಗಿ ಕಟ್ಟಿತು. ಮುಂದಿನ ಕಾಲದ ಹಳ್ಳಿಗರು ಆ ಪದರಗಳನ್ನೇ ಕತ್ತರಿಸಿ ಒಯ್ದು ಕಟ್ಟಡಗಳಿಗೆ ಬಳಸಿಕೊಂಡರು.

ಕಾಲುವೆಯ ಜಾಡು ಹಿಡಿದು ಗರೀಗ್ ಕಾಡಿನಲ್ಲಿ ನಡೆಯುವವರು ದಾರಿ ತಪ್ಪದಂತೆ ಮರಕ್ಕೂ ಬಂಡೆಗೂ ಕೆಂಪು ಬಿಳಿ ಪಟ್ಟಿ ಬಳಿದಿರುತ್ತಾರೆ. ಅದು ಫ್ರಾನ್ಸಿನ ದೂರ ನಡಿಗೆಯ ಹಾದಿಗಳ ಗುರುತು. 1947ರಲ್ಲಿ ಒರ್ಲಿಯಾನ್ ಬಳಿ 28 ಕಿಲೋಮೀಟರಿನಿಂದ ಶುರುವಾದ ಕೆಲಸ. ಇಂದು ಆ ದೇಶದಲ್ಲಿ ಗುರುತು ಹಾಕಿದ ಕಾಲುದಾರಿಗಳ ಒಟ್ಟು ಉದ್ದ ಸುಮಾರು 1,80,000 ಕಿಲೋಮೀಟರ್, ಭೂಮಿಯನ್ನು ನಾಲ್ಕೂವರೆ ಸಲ ಸುತ್ತುವಷ್ಟು. ಬಣ್ಣದ ಡಬ್ಬಿ, ಕುಂಚ ಹಿಡಿದು ಇವನ್ನು ಕಾಯುತ್ತಿರುವವರು ಸಂಬಳವಿಲ್ಲದ ಸ್ವಯಂಸೇವಕರು. ಕೊರೊಬೇಟಸ್ ಹೊತ್ತು ನಡೆದವರಷ್ಟೇ ಗೌರವ ಇವರಿಗೂ ಸಲ್ಲಬೇಕು.

ನೀಮ್‌ಗೆ ಹೋದವರು ಅಲ್ಲಿನ ರೋಮನ್ ರಂಗಮಂಟಪ ನೋಡಿ ಹೊರಡುವ ಮೊದಲು ಊರ ಮೇಲ್ಭಾಗದ ಬೀದಿಯೊಂದರ ಬದಿಯಲ್ಲಿರುವ ದುಂಡು ತೊಟ್ಟಿಗೆ ಹೋಗಬೇಕು. 1844ರಲ್ಲಿ ಮತ್ತೆ ಬೆಳಕಿಗೆ ಬಂದದ್ದು. ಅಡ್ಡಳತೆ ಐದೂವರೆ ಮೀಟರ್ ಮಾತ್ರ. 50 ಕಿಲೋಮೀಟರ್ ಬಂದ ನೀರು ಬೀಳುತ್ತಿದ್ದುದು ಇದರೊಳಕ್ಕೆ. ಸುತ್ತ ಹತ್ತು ದುಂಡು ತೂತುಗಳಿವೆ, ಒಂದೊಂದೂ 40 ಸೆಂಟಿಮೀಟರ್. ಅಲ್ಲಿಂದ ಸೀಸದ ಕೊಳವೆಗಳು ಸ್ನಾನಗೃಹಗಳಿಗೆ, ಕಾರಂಜಿಗಳಿಗೆ, ಬೀದಿ ಬೀದಿಗೆ ನೀರು ಒಯ್ಯುತ್ತಿದ್ದವು. ಇಂಥ ಹಂಚಿಕೆಯ ತೊಟ್ಟಿ ಇಷ್ಟು ಚೆನ್ನಾಗಿ ಉಳಿದಿರುವುದು ಇಲ್ಲಿ ಬಿಟ್ಟರೆ ಇಟಲಿಯ ಪಾಂಪೆಯಲ್ಲಿ.