ಶಾಪ ಕಳೆದ ದ್ವೀಪ, ಸುಂಕವಿಲ್ಲದ ಸಂತೆ: ಲಂಕಾವಿಯಲ್ಲಿ ಒಂದು ದಿನ

ಮಲೇಷ್ಯಾದ ವಾಯವ್ಯ ಕರಾವಳಿಯಾಚೆ, ಥಾಯ್ಲೆಂಡಿನ ಗಡಿಗೆ ಸಮೀಪವಾಗಿರುವ ಲಂಕಾವಿಯು ಕೆಡಾ ರಾಜ್ಯಕ್ಕೆ ಸೇರಿದ 99 ದ್ವೀಪಗಳ ಸಮೂಹ. ಭತ್ತದ ಗದ್ದೆ ಮತ್ತು ಮೀನುಗಾರಿಕೆಯನ್ನೇ ನಂಬಿದ್ದ ಈ ನೆಲವನ್ನು 1987ರಲ್ಲಿ ಅಲ್ಲಿನ ಸರ್ಕಾರವು ಸುಂಕರಹಿತ ವಲಯವೆಂದು ಘೋಷಿಸಿತು. ಆನಂತರದ ಏಳಿಗೆಯನ್ನು ಲೆಕ್ಕ ಬಲ್ಲವರು ತೆರಿಗೆ ವಿನಾಯಿತಿಯ ಫಲವೆನ್ನುತ್ತಾರೆ. ದ್ವೀಪದ ಹಿರಿಯರು ಏಳು ತಲೆಮಾರಿನ ಶಾಪ ಕಳೆಯಿತೆನ್ನುತ್ತಾರೆ. ವ್ಯಾಪಾರಿಯ ಕಣ್ಣಿನಿಂದ ನೋಡುವವರಿಗೆ ಈ ಎರಡೂ ಮಾತುಗಳು ಗಮನಾರ್ಹ.

ಕುವಾ ಪಟ್ಟಣ

ಕೌಲಾಲಂಪುರದಿಂದ ವಿಮಾನದಲ್ಲಿ ಸುಮಾರು ಒಂದು ಗಂಟೆ, ಕುವಾಲಾ ಕೆಡಾ ಬಂದರಿನಿಂದ ದೋಣಿಯಲ್ಲಿ ಒಂದೂಮುಕ್ಕಾಲು ಗಂಟೆಯ ಪ್ರಯಾಣ. ದೋಣಿ ತಲಪುವ ಕುವಾದ ಕಡಲಂಚಿನಲ್ಲಿ 12 ಮೀಟರ್ ಎತ್ತರದ ಹಕ್ಕಿಯೊಂದರ ಶಿಲ್ಪವು ರೆಕ್ಕೆ ಬಿಚ್ಚಿ ನಿಂತಿದೆ. ನಾವು ಗರುಡನೆಂದು ಕೈಮುಗಿಯುವ ಕೆಂಗಂದು ಹಕ್ಕಿಯೇ ಇದು. ಮಲಯ ಭಾಷೆಯ ‘ಹೆಲಾಂಗ್’ ಎಂದರೆ ಹದ್ದು, ‘ಕಾವಿ’ ಎಂದರೆ ಕೆಂಗಂದು. ಇವೆರಡೂ ಕೂಡಿ ಲಂಕಾವಿ ಆಯಿತೆಂಬುದು ಜನಜನಿತ ವಿವರಣೆ. ಕನ್ನಡಿಗರಿಗೆ ನಮ್ಮ ಕಾವಿ ಬಣ್ಣ ನೆನಪಾಗದೆ ಇರದು.

ಕುವಾ ಎಂದರೆ ಸಾರು. ರಾಯ ಮತ್ತು ಚಿಂಚಾಂಗ್ ಎಂಬ ದೈತ್ಯರು ಮಕ್ಕಳ ಮದುವೆಯೂಟದಲ್ಲಿ ಜಗಳವಾಡಿ ಪಾತ್ರೆಗಳನ್ನು ಎಸೆದರಂತೆ. ಸಾರು ಚೆಲ್ಲಿದ ಸ್ಥಳ ಕುವಾ. ಗಡಿಗೆ ಒಡೆದ ಸ್ಥಳ ಬೆಲಾಂಗ ಪೆಚಾ. ಬಿಸಿನೀರು ಬಿದ್ದ ಸ್ಥಳ ಆಯೆರ್ ಹಂಗಾತ್. ದೈತ್ಯರಿಬ್ಬರೂ ಬೆಟ್ಟಗಳಾಗಿ ಇಂದಿಗೂ ನಿಂತಿದ್ದಾರೆ. ಊರಿನ ಹೆಸರುಗಳೇ ಹೀಗೆ ಪ್ರವಾಸಿಯನ್ನು ಒಂದೆಡೆಯಿಂದ ಮತ್ತೊಂದೆಡೆಗೆ ಕರೆದೊಯ್ಯುತ್ತವೆ.

ಮಹ್ಸೂರಿಯ ಸಮಾಧಿ

ಲಂಕಾವಿಯ ಕಥೆಗಳಲ್ಲಿ ಮುಖ್ಯವಾದುದು ಮಹ್ಸೂರಿಯದು. ಪತಿ ಯುದ್ಧಕ್ಕೆ ಹೋಗಿದ್ದಾಗ, ಅಸೂಯೆಗೊಂಡ ನಾಯಕನ ಪತ್ನಿಯು ಈ ಸುಂದರಿಯ ಮೇಲೆ ವ್ಯಭಿಚಾರದ ಆರೋಪ ಹೊರಿಸಿದಳು. ಮರಕ್ಕೆ ಕಟ್ಟಿ ಇರಿದಾಗ ಬಿಳಿಯ ರಕ್ತ ಹರಿದು ಅವಳ ನಿರಪರಾಧವನ್ನು ಸಾರಿತಂತೆ. ಏಳು ತಲೆಮಾರು ಈ ದ್ವೀಪ ಏಳಿಗೆ ಕಾಣದಿರಲೆಂದು ಶಪಿಸಿ ಆಕೆ ಪ್ರಾಣಬಿಟ್ಟಳು. 1821ರಲ್ಲಿ ಸಿಯಾಮಿನ ಸೈನ್ಯವು ಕೆಡಾವನ್ನು ಆಕ್ರಮಿಸಿತು. ಶತ್ರುವಿನ ಕೈಗೆ ಸಿಗದಿರಲೆಂದು ಜನರೇ ಧಾನ್ಯವನ್ನು ಸುಟ್ಟರೆಂಬ ಐತಿಹ್ಯವಿರುವ ಸ್ಥಳ ಪಡಾಂಗ್ ಮತ್ಸಿರಾತ್. ಮಳೆಯ ನಂತರ ಕರಿಬಿದ್ದ ಅಕ್ಕಿಕಾಳು ಮೇಲೇಳುತ್ತದೆಂದು ಹೇಳುತ್ತಾರೆ. ದ್ವೀಪದ ಅತ್ಯಂತ ನೋವಿನ ನೆನಪುಗಳೇ ಇಂದು ಜನರನ್ನು ಒಳನಾಡಿನ ಹಳ್ಳಿಗಳತ್ತ ಸೆಳೆಯುತ್ತಿವೆ.

ಬೆಟ್ಟದ ಮೇಲೆ

ಮಧ್ಯಾಹ್ನವನ್ನು ಪಶ್ಚಿಮದ ಮಚಿಂಚಾಂಗ್ ಬೆಟ್ಟಕ್ಕೆ ಮೀಸಲಿಡುವುದು ಲೇಸು. ಇಲ್ಲಿನ ಶಿಲೆಗಳು ಆಗ್ನೇಯ ಏಷ್ಯಾದ ಅತಿ ಪ್ರಾಚೀನ ಶಿಲೆಗಳ ಸಾಲಿಗೆ ಸೇರಿದವು. 2007ರಲ್ಲಿ ಲಂಕಾವಿಗೆ ಆಗ್ನೇಯ ಏಷ್ಯಾದ ಮೊದಲ ಜಿಯೋಪಾರ್ಕ್ ಎಂಬ ಮಾನ್ಯತೆ ದೊರೆಯಿತು. ಕೇಬಲ್ ಕಾರಿನಲ್ಲಿ ಸುಮಾರು 700 ಮೀಟರ್ ಎತ್ತರಕ್ಕೇರಿದರೆ, ಒಂದೇ ಕಂಬದಿಂದ ತೂಗುವ 125 ಮೀಟರ್ ಉದ್ದದ ಬಾಗಿದ ಸೇತುವೆ ಎದುರಾಗುತ್ತದೆ. ಗಾಳಿ, ಸಿಡಿಲು ಇದ್ದಾಗ ಸೇವೆ ನಿಲ್ಲುವುದರಿಂದ ಹವಾಮಾನ ವಿಚಾರಿಸಿ ಹೊರಡಬೇಕು. ಸಮೀಪದಲ್ಲೇ ಅಪ್ಸರೆಯರು ಮೀಯುತ್ತಿದ್ದರೆನ್ನಲಾದ ಏಳು ಕೊಳಗಳ ಜಲಪಾತವಿದೆ. ಸಂಜೆಗೆ ಚೆನಾಂಗ್ ಕಡಲತೀರ.

ಖರೀದಿಯ ಮಾತು

ಚಾಕೊಲೇಟ್, ಸುಗಂಧದ್ರವ್ಯ, ಅಡುಗೆಮನೆಯ ಪಾತ್ರೆಗಳ ಅಂಗಡಿಗಳು ಎಲ್ಲೆಡೆ ಇವೆ. ಸುಂಕವಿಲ್ಲದ ಸರಕನ್ನು ಹೊರಗೊಯ್ಯಲು ಕನಿಷ್ಠ ವಾಸ್ತವ್ಯದ ನಿಬಂಧನೆ ಇರುವುದರಿಂದ, ಒಂದೇ ದಿನದ ಪ್ರವಾಸಿಗಳು ಚಾಲ್ತಿಯಲ್ಲಿರುವ ನಿಯಮವನ್ನು ಮೊದಲೇ ತಿಳಿಯಬೇಕು. ಸ್ಥಳೀಯರು ಗಾಯಕ್ಕೆ ಹಚ್ಚುವ ‘ಗಾಮಾತ್’ ಎಣ್ಣೆಯನ್ನು ಕಡಲಸೌತೆ ಎಂಬ ಜಲಚರದಿಂದ ತಯಾರಿಸುತ್ತಾರೆ. ಆ ಜೀವಿಗೆ ಭಾರತದಲ್ಲಿ ವನ್ಯಜೀವಿ ಕಾಯ್ದೆಯ ರಕ್ಷಣೆ ಇರುವುದರಿಂದ ಅದನ್ನು ಕೊಂಡು ತರದಿರುವುದೇ ಕ್ಷೇಮ.

ಉದ್ಯಮಿಗಳಿಗೆ ಇನ್ನೊಂದು ಸಂಗತಿ. 1991ರಲ್ಲಿ ಇಲ್ಲಿ ಆರಂಭವಾದ ಸಾಗರ ಮತ್ತು ವೈಮಾನಿಕ ಪ್ರದರ್ಶನದಲ್ಲಿ, 2019ರಂದು ಬೆಂಗಳೂರಿನ ಎಚ್‌ಎಎಲ್ ನಿರ್ಮಿತ ತೇಜಸ್ ವಿಮಾನಗಳು ಹಾರಾಟ ನಡೆಸಿದ್ದವು.

ನಮಗೆ ದೊರೆಯುವ ಪಾಠ

ಸುಂಕವಿಲ್ಲದ ಅಂಗಡಿ ಇಂದು ಪ್ರತಿಯೊಂದು ದೊಡ್ಡ ವಿಮಾನ ನಿಲ್ದಾಣದಲ್ಲೂ ಇದೆ. ಅಗ್ಗದ ಬೆಲೆಯೊಂದೇ ಗಿರಾಕಿಯನ್ನು ಬಹುಕಾಲ ಹಿಡಿದಿಡಲಾರದು. ತೆರಿಗೆ ವಿನಾಯಿತಿ ಅವನನ್ನು ಲಂಕಾವಿಗೆ ಕರೆತಂದಿತು. ಸುಟ್ಟ ಅಕ್ಕಿಯ ಹಳ್ಳಿಗೆ ಕರೆದೊಯ್ದದ್ದು ಕಥೆ. ವಿನಾಯಿತಿ ಸರ್ಕಾರದ ಕೈಯಲ್ಲಿದೆ, ಇಂದು ಕೊಟ್ಟದ್ದನ್ನು ನಾಳೆ ಹಿಂತೆಗೆಯಬಹುದು. ಕಥೆ ಊರಿನವರ ಸ್ವತ್ತು. ಮಲ್ಪೆಯಾಚೆಯ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳಿಗೂ ವಾಸ್ಕೊ ಡ ಗಾಮನ ಐತಿಹ್ಯ ಅಂಟಿಕೊಂಡಿದೆ. ಅಂಥ ಕಥೆಯನ್ನು ಹೇಳುವ ಯಾವ ಸರಕು ನಮ್ಮ ಅಂಗಡಿಗಳಲ್ಲಿದೆ ಎಂಬ ಪ್ರಶ್ನೆಯನ್ನು ನಮ್ಮ ವರ್ತಕರೂ ಸಣ್ಣ ಉತ್ಪಾದಕರೂ ಕೇಳಿಕೊಳ್ಳಬೇಕು. ಅದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ತಮ್ಮ ಊರನ್ನು ತಾವೇ ಒಮ್ಮೆ ಪ್ರವಾಸಿಯಂತೆ ಸುತ್ತಿ ನೋಡುವ ವ್ಯವಧಾನ ಬೇಕು.