ಹೆಂಡತಿ ಮಕ್ಕಳಿದ್ದೂ ಬ್ಯಾಚುಲರ್

ಕುವೈತಿನ ಅಹ್ಮದಿ ಪ್ರಾಂತ್ಯದ ಮಂಗಾಫ್, ಮಹಬೂಲ, ಫಹಾಹೀಲ್ ಕಡೆ ಬಾಡಿಗೆಗೆ ರೂಮು ಹುಡುಕುವವನಿಗೆ ಮೊದಲು ಎದುರಾಗುವುದು ಒಂದೇ ಪ್ರಶ್ನೆ: ಫ್ಯಾಮಿಲಿಯೋ, ಬ್ಯಾಚುಲರ್ರೋ? ಕುಂದಾಪುರದಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಹಾಸಿಗೆ ಹಿಡಿದ ತಾಯಿ ಇರುವ ನಲವತ್ತೈದರ ಮನುಷ್ಯನೂ ಅಲ್ಲಿ ಬ್ಯಾಚುಲರ್ರೇ. ಸಂಸಾರ ಜೊತೆಗಿಲ್ಲದವನಿಗೆ ಸಂಸಾರವೇ ಇಲ್ಲವೆಂದು ಲೆಕ್ಕ. ಕುಟುಂಬಗಳಿಗೆ ಮೀಸಲಾದ ಖಾಸಗಿ ವಸತಿ ಬಡಾವಣೆಗಳಲ್ಲಿ ಇಂಥವರಿಗೆ ಮನೆ ಕೊಡಬಾರದೆಂದು 1992ರ ಕಾನೂನೇ ಹೇಳುತ್ತದೆ. ತಪಾಸಣೆಗೆ ಬಂದ ಅಧಿಕಾರಿಗಳು ಕರೆಂಟು ತೆಗೆಸಿ ಮನೆ ಖಾಲಿ ಮಾಡಿಸುವುದುಂಟು.

ಅವನು ಸಂಸಾರವನ್ನು ಯಾಕೆ ಕರೆಸಿಕೊಳ್ಳುವುದಿಲ್ಲ? ಊರಿನವರ ಬಳಿ ಉತ್ತರ ಸಿದ್ಧವಿದೆ: ಜಿಪುಣ, ಇಲ್ಲವೇ ಅಲ್ಲಿ ಇನ್ನೇನೋ ಇರಬೇಕು. ನಿಜವಾದ ಕಾರಣ ಸರ್ಕಾರಿ ಆದೇಶಗಳಲ್ಲಿದೆ. ಕುಟುಂಬ ವೀಸಾಕ್ಕೆ ಬೇಕಾದ ತಿಂಗಳ ಸಂಬಳದ ಮಿತಿ 2019ರಲ್ಲಿ 450 ದಿನಾರ್‌ನಿಂದ 500ಕ್ಕೆ, 2024ರ ಜನವರಿಯಲ್ಲಿ 800ಕ್ಕೆ ಏರಿತು. ಖಾಸಗಿ ಕಂಪನಿಗಳಲ್ಲಿ 2017ರಲ್ಲಿ ನಿಗದಿಯಾದ ಕನಿಷ್ಠ ವೇತನ 75 ದಿನಾರ್. ವೆಲ್ಡರ್, ಡ್ರೈವರ್, ಹೋಟೆಲ್ ಕೆಲಸದವರು ಜೀವಮಾನವಿಡೀ ದುಡಿದರೂ ಆ ಎಂಟುನೂರನ್ನು ಮುಟ್ಟುವುದಿಲ್ಲ. ಗಂಡ ಹೆಂಡಿರು ಹತ್ತಾರು ವರ್ಷ ಫೋನಿನಲ್ಲೇ ಸಂಸಾರ ಮಾಡುವುದು ಒಂದು ಮನೆಯ ದುರದೃಷ್ಟವಲ್ಲ, ಸಾವಿರಾರು ಮನೆಗಳಿಗೆ ಒಂದೇ ಅಳತೆಯಲ್ಲಿ ಬರೆದಿಟ್ಟ ನಿಯಮ.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲೇ ಈ ಭೇದವನ್ನು ಬಿಡಿಸಿ ಹೇಳಿದ್ದರು. ಲಕ್ಷ ಜನರ ಊರಲ್ಲಿ ಒಬ್ಬನಿಗೆ ಕೆಲಸವಿಲ್ಲದಿದ್ದರೆ ಅವನ ಗುಣ, ಕೌಶಲ, ಅವಕಾಶಗಳನ್ನು ವಿಚಾರಿಸಬಹುದು. ಐದು ಕೋಟಿ ದುಡಿಯುವವರ ನಾಡಿನಲ್ಲಿ ಒಂದೂವರೆ ಕೋಟಿ ಜನಕ್ಕೆ ಕೆಲಸವಿಲ್ಲದಿದ್ದರೆ ನಾಡಿನ ವ್ಯವಸ್ಥೆಯನ್ನೇ ವಿಚಾರಿಸಬೇಕು. ನಮ್ಮವರು ಮಾತ್ರ ಎರಡನ್ನೂ ಹಣೆಬರಹದ ಖಾತೆಗೆ ಹಾಕಿ ಸುಮ್ಮನಾಗುತ್ತಾರೆ.

ಈ ವ್ಯವಸ್ಥೆ ಹೊಸದೇನಲ್ಲ. ಅಹ್ಮದಿ ಪಟ್ಟಣ ಹುಟ್ಟಿದ್ದೇ ಮನುಷ್ಯರನ್ನು ದರ್ಜೆಗಳಾಗಿ ವಿಂಗಡಿಸಿ. 1946ರಲ್ಲಿ ಕುವೈತಿನ ತೈಲ ಮೊದಲ ಬಾರಿಗೆ ಹಡಗೇರಿದಾಗ ಕುವೈತ್ ಆಯಿಲ್ ಕಂಪನಿ ಮರಳುಗಾಡಿನ ಏರಿನ ಮೇಲೆ ಈ ಊರು ಕಟ್ಟತೊಡಗಿತು. ಆಗಿನ ದೊರೆ ಶೇಖ್ ಅಹ್ಮದ್ ಅಲ್ ಜಾಬರ್ ಅವರ ಹೆಸರಿಟ್ಟಿತು. ನಕ್ಷೆ ಬರೆದ ಜೇಮ್ಸ್ ಮಾಲಿಸನ್ ವಿಲ್ಸನ್ ಹಿಂದೆ ವಾಸ್ತುಶಿಲ್ಪಿ ಲುಟ್ಯೆನ್ಸ್ ಕೈಕೆಳಗೆ ನವದೆಹಲಿಯ ಕೆಲಸ ಮಾಡಿದ್ದವರು. ಉತ್ತರಕ್ಕೆ ತೋಟವಿರುವ ಬಂಗಲೆಗಳು, ಅದು ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳಿಗೆ. ಭಾರತ, ಪಾಕಿಸ್ತಾನಗಳಿಂದ ಬಂದ ಗುಮಾಸ್ತರು, ಕುಶಲಕರ್ಮಿಗಳಿಗೆ ಬೇರೆ ವಿಭಾಗ. ಅರಬ್ ಕೂಲಿಗಳಿಗೆ ಮತ್ತೊಂದು ಮೂಲೆ. ಮನೆಯ ವಿಳಾಸ ಕೇಳಿದರೆ ಸಾಕು, ಮನುಷ್ಯನ ಬೆಲೆ ತಿಳಿಯುತ್ತಿತ್ತು. ಆ ಅಳತೆಗೋಲು ಈಗ ಸಿವಿಲ್ ಐಡಿ ಎಂಬ ಗುರುತಿನ ಚೀಟಿಯೊಳಗೆ ಸೇರಿದೆ: ಕಂಪನಿ ನೌಕರನಿಗೆ ವಾಸದ ನಿಯಮಗಳ ಹದಿನೆಂಟನೇ ಕಲಮು, ಮನೆಗೆಲಸದವರಿಗೆ ಇಪ್ಪತ್ತು, ಕುಟುಂಬಕ್ಕೆ ಇಪ್ಪತ್ತೆರಡು. ನಮ್ಮವರ ಬಾಯಲ್ಲಿ ಅವು ಶೂನ್ ವೀಸಾ, ಖಾದಿಮ್ ವೀಸಾ, ಫ್ಯಾಮಿಲಿ ವೀಸಾ. ಖಾದಿಮ್ ಎಂದರೆ ಆಳು; ಆ ವೀಸಾದವನು ಅದನ್ನು ಇತರರ ಮುಂದೆ ಹೇಳಿಕೊಳ್ಳಲು ಹಿಂಜರಿಯುತ್ತಾನೆ. ಅದೇ ವೀಸಾದಲ್ಲಿ ಹೋದ ಹೆಣ್ಣುಮಗಳ ಪಾಡು ಇನ್ನೂ ಕಷ್ಟ. ಅವಳು ಕಳಿಸಿದ ದುಡ್ಡಿನಲ್ಲಿ ಮನೆಗೆ ತಾರಸಿ ಬಂದರೂ ಅವಳ ನಡತೆಯ ಬಗ್ಗೆ ಪಿಸುಮಾತು ನಿಲ್ಲುವುದಿಲ್ಲ.

ಇದನ್ನೆಲ್ಲ ಕುವೈತಿನ ತಲೆಗೆ ಕಟ್ಟುವುದು ಸುಲಭ, ಆದರೆ ಅನ್ಯಾಯ. 1983ರ ವಲಸೆ ಕಾಯ್ದೆಯಡಿ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ನಮ್ಮ ಸರ್ಕಾರವೇ ಇಸಿಆರ್ (ವಲಸೆಗೆ ಮುನ್ನ ಪರಿಶೀಲನೆ ಬೇಕು) ಎಂಬ ಮುದ್ರೆ ಹಾಕುತ್ತದೆ. ಉದ್ದೇಶ ರಕ್ಷಣೆ, ಒಪ್ಪೋಣ. ಆದರೆ 2018ರ ಜನವರಿಯಲ್ಲಿ ವಿದೇಶಾಂಗ ಇಲಾಖೆ ಇಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟನ್ನೇ ಕೊಡಲು ಹೊರಟಿತ್ತು. ವಿಮಾನ ನಿಲ್ದಾಣದ ಸಾಲಿನಲ್ಲಿ ಕೈಯಲ್ಲಿರುವ ಪುಸ್ತಕದ ಬಣ್ಣವೇ ಇವನು ಓದದವನು, ಕೂಲಿಗೆ ಹೊರಟವನು ಎಂದು ಸಾರಬೇಕಿತ್ತು! ಎರಡನೇ ದರ್ಜೆಯ ಪ್ರಜೆಗಳನ್ನು ಮಾಡುತ್ತಿದ್ದೀರಿ ಎಂದು ಕೂಗೆದ್ದ ಮೇಲೆ ಅದೇ ತಿಂಗಳ ಕೊನೆಯಲ್ಲಿ ತೀರ್ಮಾನ ಕೈಬಿಟ್ಟರು. ಕೂಗು ಏಳದಿದ್ದರೆ?

ಮೇಲಿನಿಂದ ಹಾಕಿದ ಮುದ್ರೆಯನ್ನು ಮುಚ್ಚಿಕೊಳ್ಳುವುದೇ ಮನುಷ್ಯನಿಗೆ ಇನ್ನೊಂದು ದುಡಿಮೆಯಾಗುತ್ತದೆ. 1963ರಲ್ಲಿ ಕಳಂಕದ ಬಗ್ಗೆಯೇ ಒಂದು ಪುಸ್ತಕ ಬರೆದ ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ ಇದನ್ನು ಸೂಕ್ಷ್ಮವಾಗಿ ಗಮನಿಸಿದ್ದರು. ಗಲ್ಫಿನವನನ್ನು ಏನು ಕೆಲಸ ಎಂದು ಕೇಳಿದರೆ ‘ಕಂಪನಿಯಲ್ಲಿ’ ಎಂಬ ಒಂದೇ ಉತ್ತರ. ಬಂಕ್ ಮಂಚಗಳ ರೂಮಿನ ಫೋಟೊ ಯಾವತ್ತೂ ಊರಿಗೆ ಹೋಗುವುದಿಲ್ಲ, ಹೋಗುವುದು ಕಡಲ ತೀರದ ಫೋಟೊ. ಸಾಲ ಮಾಡಿ ಸುಗಂಧ, ಚಾಕಲೇಟು ತುಂಬಿಕೊಂಡು ರಜೆಗೆ ಬರುತ್ತಾನೆ. ಖಫೀಲ್ ಎಂಬ ಪ್ರಾಯೋಜಕನ ಜೊತೆ ಜಗಳವಾಗಿ ಪರಾರಿ ಕೇಸು ಬಿದ್ದವನು, ಇಕಾಮಾ ಎಂಬ ವಾಸದ ಪರವಾನಗಿ ಕಳೆದುಕೊಂಡವನು ಬರಿಗೈಯಲ್ಲಿ ಊರಿಗೆ ಹೋಗಿ ನಿಲ್ಲುವುದಕ್ಕಿಂತ ಅಲ್ಲೇ ಅಡಗಿ ಬದುಕುವುದೇ ಮೇಲು ಎಂದುಕೊಳ್ಳುತ್ತಾನೆ. ಹಾಗೆ ಅವನನ್ನು ಹೆದರಿಸಿರುವುದು ನಮ್ಮ ಮದುವೆ ಮನೆಗಳ, ಗೃಹಪ್ರವೇಶಗಳ ಮಾತು.

ಮುಚ್ಚಿಟ್ಟದ್ದೆಲ್ಲ ಹೊರಬೀಳಲು ಅನಾಹುತಗಳೇ ಬೇಕಾದವು. 2020ರ ಏಪ್ರಿಲ್ 6ರಂದು ಕೊರೊನಾ ಕಾರಣಕ್ಕೆ ವಲಸೆ ಕಾರ್ಮಿಕರೇ ತುಂಬಿದ ಮಹಬೂಲ ಮತ್ತು ಜಲೀಬ್‌ಗಳನ್ನು ಪೂರ್ತಿ ಮುಚ್ಚಿದರು. ತೆರೆದದ್ದು ಜುಲೈ 9ಕ್ಕೆ. ಕಿಕ್ಕಿರಿದ ರೂಮುಗಳಲ್ಲಿ ಅಂತರ ಕಾಯುವುದು ಸಾಧ್ಯವೇ ಇರಲಿಲ್ಲ, ಆದರೂ ರೋಗ ಹರಡುವವರೆಂಬ ಅಪವಾದ ಅಲ್ಲಿದ್ದವರಿಗೇ ಬಂತು. 2024ರ ಜೂನ್ 12ರ ಬೆಳಗಿನ ಜಾವ ಮಂಗಾಫ್‌ನ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿತ್ತು. ಕೋಣೆ ಕೋಣೆಗಳ ನಡುವಿನ ಅಡ್ಡಗೋಡೆಗಳು ಬೇಗ ಹೊತ್ತಿಕೊಳ್ಳುವ ವಸ್ತುವಿನವು, ಹೊಗೆ ಮೇಲೇರಿತು. ವಾಯುಪಡೆಯ ವಿಮಾನ 45 ಭಾರತೀಯರ ಶವ ಹೊತ್ತು ಕೊಚ್ಚಿಗೆ ಬಂತು; ಅವರಲ್ಲೊಬ್ಬರು ಕಲಬುರಗಿ ಜಿಲ್ಲೆಯವರು. ಕಟ್ಟಡ ಮಾಲೀಕರ ದುರಾಸೆಯನ್ನು ಕುವೈತಿನ ಒಳಾಡಳಿತ ಸಚಿವರೇ ದೂರಿದರು.

ಇಂಥವರ ಹೊಣೆ ಹೊರಲು ದಾರಿಯೇ ಇಲ್ಲವೆಂದಲ್ಲ. ಕೇರಳ 1996ರಲ್ಲೇ ಹೊರನಾಡಿನ ಮಲಯಾಳಿಗಳಿಗಾಗಿ ನೋರ್ಕಾ ಎಂಬ ಪ್ರತ್ಯೇಕ ಇಲಾಖೆ ತೆರೆಯಿತು. ಮರಳಿ ಬಂದವರಿಗೆ ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನದ ಯೋಜನೆಯೂ ಅಲ್ಲಿದೆ. ನಮ್ಮಲ್ಲಿ ಅನಿವಾಸಿ ಭಾರತೀಯ ಸಮಿತಿ ಇದೆ, ಆದರೆ ಹೊರನಾಡ ಕನ್ನಡಿಗ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಹೂಡಿಕೆ ಮಾಡಬಲ್ಲ ಉದ್ಯಮಿ, ರಾಜ್ಯೋತ್ಸವದ ವೇದಿಕೆಯ ಅತಿಥಿ. ಮರಳಿದ ವೆಲ್ಡರ್ ತಾನು ಗಲ್ಫಿನಲ್ಲಿದ್ದೆ ಎಂದು ತಲೆಯೆತ್ತಿ ಹೇಳಿ ಅರ್ಜಿ ಕೊಡಬಹುದಾದ ಒಂದು ಕಚೇರಿ ಕುಂದಾಪುರದಲ್ಲಿ, ಭಟ್ಕಳದಲ್ಲಿ, ಕಲಬುರಗಿಯಲ್ಲಿ ತೆರೆಯಬೇಕು.