ಕೆಸರಿಗೆ ಇಳಿಯುವ ಮುನ್ನ ಟ್ರ್ಯಾಕ್ಟರನ್ನು ನೋಡಿಕೊಳ್ಳಿ



ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗದಲ್ಲಿರುವ ಮಾನ್ವಿಯ ಬೇಸಾಯಗಾರರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮೇಲ್ಭಾಗದ ಗದ್ದೆಗಳು ನಾಟಿಯಾಗಿ ಹಸಿರೇರಿದ ಮೇಲೆಯೇ ಎಷ್ಟೋ ವರ್ಷ ನಿಮ್ಮ ತೂಬಿಗೆ ನೀರು ಮುಟ್ಟುತ್ತದೆ. ಬಂದ ನೀರು ಇರುವಷ್ಟರಲ್ಲಿ ಕೆಸರು ಹೊಡೆದು ನಾಟಿ ಮುಗಿಸಬೇಕು. ಅದೇ ದಿನಗಳಲ್ಲಿ ಟ್ರ್ಯಾಕ್ಟರ್ ಕೈಕೊಟ್ಟರೆ, ರಾಯಚೂರಿನಿಂದ ಬಿಡಿಭಾಗ ತರಿಸಿ, ಮಿಸ್ತ್ರಿ ಬಂದು ಎಂಜಿನ್ ಬಿಚ್ಚಿ ಕೂಡಿಸುವ ಹೊತ್ತಿಗೆ ಸಸಿಯ ವಯಸ್ಸು ಮೀರಿರುತ್ತದೆ, ನೀರಿನ ಸರದಿಯೂ ದಾಟಿರುತ್ತದೆ. ದೇವದುರ್ಗದ ಎರೆ ಹೊಲಗಳಲ್ಲಿ ಹತ್ತಿ ಬಿತ್ತುವವರ ಪಾಡೂ ಬೇರೆಯಲ್ಲ. ಮಳೆ ಬಿದ್ದ ಮೇಲೆ ಹದ ಉಳಿಯುವುದು ಕೆಲವೇ ದಿನ. ಆಗ ಬಾಡಿಗೆಗೆ ಇನ್ನೊಂದು ಟ್ರ್ಯಾಕ್ಟರ್ ಕೇಳಿದರೆ ಊರಿನಲ್ಲಿ ಎಲ್ಲರದೂ ಹೊಲದಲ್ಲಿಯೇ ಇರುತ್ತದೆ.

ಟ್ರ್ಯಾಕ್ಟರ್ ಹೇಳದೆ ಕೇಳದೆ ನಿಲ್ಲುವುದು ಬಹಳ ಕಡಿಮೆ. ಎತ್ತು ಮೇವು ಬಿಟ್ಟಿತೆಂದರೆ, ಮೂಗು ಒಣಗಿತೆಂದರೆ ನೀವು ನೊಗ ಹೂಡುವುದಿಲ್ಲ. ಯಂತ್ರವೂ ತನ್ನ ಹೊಗೆ, ಎಣ್ಣೆ, ಸಪ್ಪಳಗಳಿಂದ ಹಾಗೆಯೇ ಮುನ್ಸೂಚನೆ ಕೊಡುತ್ತದೆ. ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಹತ್ತು ನಿಮಿಷ ಅದರ ಸುತ್ತ ಒಂದು ಸುತ್ತು ಬನ್ನಿ. ರಾತ್ರಿ ನಿಂತಿದ್ದ ಜಾಗದಲ್ಲಿ ನೆಲದ ಮೇಲೆ ಏನು ತೊಟ್ಟಿಕ್ಕಿದೆ ಎಂಬುದನ್ನು ಮೊದಲು ನೋಡಿ. ಎಣ್ಣೆಯೋ, ಡೀಸೆಲ್ಲೋ, ನೀರೋ ಎಂಬುದು ಬೆರಳಿಗೆ ಹಚ್ಚಿಕೊಂಡರೆ ತಿಳಿಯುತ್ತದೆ.

ನಮ್ಮ ಭಾಗದಲ್ಲಿ ಎಂಜಿನ್ನಿನ ದೊಡ್ಡ ಶತ್ರು ಧೂಳು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟಿ ಎರೆ ಮಣ್ಣು ಬಿರಿದಿರುವಾಗ ರೋಟವೇಟರ್ ಹೊಡೆದರೆ ಟ್ರ್ಯಾಕ್ಟರೇ ಕಾಣದಷ್ಟು ಧೂಳೇಳುತ್ತದೆ. ಏರ್ ಕ್ಲೀನರ್ ಎಂಬ ಗಾಳಿ ಶೋಧಕವು ಈ ಧೂಳನ್ನು ಹಿಡಿದು ಶುದ್ಧ ಗಾಳಿಯನ್ನು ಒಳಗೆ ಬಿಡಬೇಕು. ಅದು ತಪ್ಪಿದರೆ ಮಣ್ಣಿನ ಸಣ್ಣ ಕಣಗಳು ಸಾಣೆಪುಡಿಯಂತೆ ಪಿಸ್ಟನ್ ರಿಂಗು, ಲೈನರುಗಳನ್ನು ಸವೆಸಿಬಿಡುತ್ತವೆ. ಸಾವಿರಾರು ಗಂಟೆ ದುಡಿಯಬೇಕಾದ ಎಂಜಿನ್ ಅರ್ಧದಲ್ಲಿಯೇ ಬೋರಿಗೆ ಬರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ನಿಮ್ಮದು ಎಣ್ಣೆ ಬಟ್ಟಲಿನ ಶೋಧಕವಾಗಿದ್ದರೆ, ಧೂಳಿನ ಕೆಲಸವಿರುವಾಗ ದಿನವೂ ಬಟ್ಟಲನ್ನು ಬಿಚ್ಚಿ ನೋಡಬೇಕು. ತಳದಲ್ಲಿ ಒಂದು ಸೆಂಟಿಮೀಟರಿನಷ್ಟು ಕೆಸರು ಕೂತಿದ್ದರೆ, ಇಲ್ಲವೆ ಎಣ್ಣೆ ಗಟ್ಟಿಯಾಗಿದ್ದರೆ ಚೆಲ್ಲಿ, ಬಟ್ಟಲು ತೊಳೆದು, ಗುರುತಿನವರೆಗೆ ಹೊಸ ಎಣ್ಣೆ ಹಾಕಿ. ಗುರುತಿಗಿಂತ ಹೆಚ್ಚು ಹಾಕಕೂಡದು. ಆ ಎಣ್ಣೆಯನ್ನು ಎಂಜಿನ್ ಎಳೆದುಕೊಳ್ಳುತ್ತದೆ. ಈಗಿನ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಕಾಗದದ ಒಣ ಫಿಲ್ಟರ್ ಇರುತ್ತದೆ. ಅದನ್ನು ಗೋಡೆಗೆ ಬಡಿದು ಧೂಳು ಉದುರಿಸುವ ರೂಢಿ ಒಳ್ಳೆಯದಲ್ಲ, ಕಾಗದ ಹರಿಯುತ್ತದೆ. ಕಡಿಮೆ ಒತ್ತಡದ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಊದಬೇಕು. ಒಳಗಡೆ ಇರುವ ಇನ್ನೊಂದು ಸಣ್ಣ ಫಿಲ್ಟರನ್ನು ಸ್ವಚ್ಛ ಮಾಡುವ ಗೋಜಿಗೆ ಹೋಗದೆ, ಕಾಲಕಾಲಕ್ಕೆ ಹೊಸದನ್ನು ಹಾಕಿಸಿ.

ಶೋಧಕ ಸ್ವಚ್ಛವಿದ್ದರೂ ಅಲ್ಲಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆ ಸೀಳಿದ್ದರೆ ಎಲ್ಲ ಶ್ರಮವೂ ವ್ಯರ್ಥ. ಇದನ್ನು ಪರೀಕ್ಷಿಸುವುದಕ್ಕೆ ಮಿಸ್ತ್ರಿ ಬೇಕಾಗಿಲ್ಲ. ಎಂಜಿನ್ ನಿಧಾನವಾಗಿ ಓಡುತ್ತಿರುವಾಗ ಗಾಳಿ ಒಳಹೋಗುವ ಬಾಯಿಯನ್ನು ಒಂದು ಚಪ್ಪಟೆ ಹಲಗೆಯಿಂದ ಪೂರ್ತಿ ಮುಚ್ಚಿ. ಎಂಜಿನ್ ಉಸಿರುಗಟ್ಟಿ ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಎಲ್ಲಿಂದಲೋ ಕಳ್ಳಗಾಳಿ ಬರುತ್ತಿದೆಯೆಂದು ತಿಳಿಯಿರಿ. ಸಡಿಲಾದ ಒಂದು ಕ್ಲಿಪ್ಪನ್ನು ಬಿಗಿಮಾಡಿದರೆ ಸರಿಹೋಗುವ ಈ ದೋಷವನ್ನು ಬಿಟ್ಟರೆ ಮುಂದೆ ಎಂಜಿನ್ನನ್ನೇ ಬಿಚ್ಚಿಸಬೇಕಾಗುತ್ತದೆ.

ಹೊಗೆಯ ಬಣ್ಣವನ್ನು ಗಮನಿಸುವ ಅಭ್ಯಾಸ ಮಾಡಿಕೊಳ್ಳಿ. ಸಾಧಾರಣ ಕೆಲಸದಲ್ಲಿಯೂ ಕಪ್ಪು ಹೊಗೆ ಬಿಡದೆ ಬರುತ್ತಿದ್ದರೆ ಗಾಳಿ ಸಾಲದು, ಹೊರೆ ಹೆಚ್ಚಾಗಿದೆ, ಇಲ್ಲವೆ ಇಂಜೆಕ್ಟರ್ ಕೆಟ್ಟಿದೆ. ನೀಲಿ ಹೊಗೆ ಬಂದರೆ ಎಂಜಿನ್ ಎಣ್ಣೆ ಉರಿಯುತ್ತಿದೆ. ಬೆಳಿಗ್ಗೆ ಚಾಲೂ ಮಾಡಿದಾಗ ಸ್ವಲ್ಪ ಬಿಳಿ ಹೊಗೆ ಬಂದರೆ ಗಾಬರಿ ಬೇಡ. ಕಾದ ಮೇಲೂ ನಿಲ್ಲದಿದ್ದರೆ ಮಿಸ್ತ್ರಿಗೆ ತೋರಿಸಿ.

ಅಳತೆ ಕಡ್ಡಿಯನ್ನು ಸಮತಟ್ಟಾದ ನೆಲದ ಮೇಲೆ, ಎಂಜಿನ್ ನಿಂತಿರುವಾಗ ತೆಗೆದು ನೋಡಬೇಕು. ಎಣ್ಣೆ ಇಳಿದಿದ್ದರೆ ಎಲ್ಲರೂ ಚಿಂತೆ ಮಾಡುತ್ತಾರೆ, ಏರಿದ್ದರೆ ಲಾಭವಾಯಿತೆಂದು ಸುಮ್ಮನಿರುವವರೂ ಉಂಟು! ಹಾಕದ ಎಣ್ಣೆ ಹೆಚ್ಚಾಗಲಾರದು. ಡೀಸೆಲ್ಲೋ ನೀರೋ ಒಳಗೆ ಸೇರುತ್ತಿದೆ ಎಂದೇ ಅರ್ಥ. ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ಅದು ನೀರು. ಅಂದು ಎಂಜಿನ್ ಚಾಲೂ ಮಾಡಲೇಬೇಡಿ.

ರೇಡಿಯೇಟರಿನ ಜಾಲರಿಗೆ ಹೊಟ್ಟು, ಹತ್ತಿಯ ಎಳೆಗಳು ಅಂಟಿಕೊಂಡರೆ ಎಂಜಿನ್ ಕಾಯುತ್ತದೆ. ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಅರ್ಧ ಅಂಗುಲಕ್ಕಿಂತ ಬಹಳ ಹೆಚ್ಚು ಬಗ್ಗಿದರೆ ಬಿಗಿ ಮಾಡಿ. ಉಪ್ಪು ನೀರಿನ ಬಾವಿಯಿಂದ ರೇಡಿಯೇಟರ್ ತುಂಬಿಸಬೇಡಿ, ಒಳಗೆ ಪಾಚಿಯಂತೆ ಉಪ್ಪು ಕಟ್ಟುತ್ತದೆ. ಕಾದ ಎಂಜಿನ್ನಿನ ಮುಚ್ಚಳ ತೆಗೆಯುವುದಾಗಲಿ, ಮೇಲೆ ತಣ್ಣೀರು ಸುರಿಯುವುದಾಗಲಿ ಅಪಾಯ.

ಕೆಸರು ಹೊಡೆಯುವಾಗ ಮುಂದಿನ ಗಾಲಿಗಳ ಹಬ್ಬುಗಳು ಗಂಟೆಗಟ್ಟಲೆ ನೀರಿನಲ್ಲಿ ಮುಳುಗಿರುತ್ತವೆ. ಸಂಜೆ ತೊಳೆದ ಮೇಲೆ ಗ್ರೀಸ್ ಗನ್ನಿನಿಂದ ಪ್ರತಿ ನಿಪ್ಪಲಿಗೂ ಹಳೆಯ ಕೆಸರು ಗ್ರೀಸು ಹೊರಬಂದು ಹೊಸದು ಕಾಣುವವರೆಗೆ ಒತ್ತಿ. ವಾರಕ್ಕೊಮ್ಮೆ ಮುಂದಿನ ಗಾಲಿಯನ್ನು ಜಾಕಿನಿಂದ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ. ಕಟಕಟ ಎಂದರೆ ಬೇರಿಂಗ್ ಸವೆದಿದೆ. ಗೇರ್ ಎಣ್ಣೆಯನ್ನೂ ನೋಡಿ. ಸೀಲ್ ಹೋಗಿದ್ದರೆ ಅದರಲ್ಲಿಯೂ ನೀರು ಸೇರಿರುತ್ತದೆ. ಡೀಸೆಲ್ ಟಾಕಿಯನ್ನು ಬೆಳಿಗ್ಗೆಗಿಂತ ಸಂಜೆಯೇ ತುಂಬಿಸುವುದು ಮೇಲು. ಖಾಲಿ ಟಾಕಿಯೊಳಗೆ ರಾತ್ರಿಯ ತಂಪಿಗೆ ನೀರು ಹನಿಗಟ್ಟುತ್ತದೆ.

ಇನ್ನು ಸುಗ್ಗಿಯ ಮಾತು. ಮಾನ್ವಿಯಿಂದ ಕಲ್ಲೂರಿನ ಮೇಲೆ, ದೇವದುರ್ಗದಿಂದ ಗಬ್ಬೂರಿನ ಮೇಲೆ ನೆಲ್ಲು, ಹತ್ತಿ ಹೇರಿಕೊಂಡು ರಾಯಚೂರಿನ ಮಾರುಕಟ್ಟೆಗೆ ಹೊರಡುತ್ತೀರಿ. ಎರಡೂ ದಾರಿ ನಲವತ್ತು ಕಿಲೋಮೀಟರಿಗೂ ಹೆಚ್ಚು, ಬಹಳಷ್ಟು ಪ್ರಯಾಣ ಕತ್ತಲಲ್ಲಿಯೇ. ಹೊಲದಲ್ಲಿ ತಿರುವಿಗೆ ಅನುಕೂಲವಾಗಲೆಂದು ಎಡ ಬಲದ ಬ್ರೇಕ್ ಪೆಡಲುಗಳನ್ನು ಬೇರೆ ಮಾಡಿರುತ್ತೀರಷ್ಟೆ? ರಸ್ತೆಗೆ ಹತ್ತುವ ಮೊದಲು ಅವನ್ನು ಕೊಂಡಿ ಹಾಕಿ ಒಂದು ಮಾಡಲೇಬೇಕು. ತುಂಬಿದ ಟ್ರೈಲರ್ ಹಿಂದಿನಿಂದ ದೂಡುತ್ತಿರುವಾಗ ಒಂದೇ ಪೆಡಲ್ ಕಾಲಿಗೆ ಸಿಕ್ಕರೆ ಟ್ರ್ಯಾಕ್ಟರ್ ಗಕ್ಕನೆ ಒಂದು ಪಕ್ಕಕ್ಕೆ ತಿರುಗಿ ಮಗುಚಿಕೊಳ್ಳುತ್ತದೆ. ಕೊಂಡಿ ಹಾಕಿದ ಮೇಲೂ ನಿಧಾನವಾಗಿ ಓಡಿಸಿ ಒಮ್ಮೆ ತುಳಿದು ನೋಡಿ. ಎರಡು ಗಾಲಿಯೂ ಒಟ್ಟಿಗೆ ಹಿಡಿಯದಿದ್ದರೆ ಸರಿಮಾಡಿಸುವವರೆಗೆ ಹೊರಡಬೇಡಿ. ಜೋಡಣೆ ಗೂಟಕ್ಕೆ ಸುರಕ್ಷತಾ ಪಿನ್ನು ಇದೆಯೇ, ಟ್ರೈಲರಿನ ಹಿಂದೆ ಕೆಂಪು ಪ್ರತಿಫಲಕಗಳು ಮಣ್ಣು ಮೆತ್ತದೆ ಕಾಣುತ್ತಿವೆಯೇ ನೋಡಿ. ಹೇರಿದ ಹತ್ತಿಯ ಮೇಲೆ ಆಳುಗಳನ್ನು ಕೂರಿಸಬೇಡಿ. ಅವರನ್ನು ಬಸ್ಸಿನಲ್ಲಿ ಕಳಿಸಿಕೊಡಿ.